ನಮ್ಮ ಮನೆಯ ಲೆಕ್ಕದ ಪುಸ್ತಕ

(ಶ್ರೀಮಠದ ಅಮೃತ ಮಹೋತ್ಸವದ ವಿದ್ಯಾರ್ಥಿ ಗೋಷ್ಠಿಯಲ್ಲಿ ಹತ್ತನೆಯ ಇಯತ್ತೆಯ ವಿದ್ಯಾರ್ಥಿನಿಯೊಬ್ಬಳು ಮಾಡಿದ ಭಾಷಣ)

 

ಇಂಥ ಮಹಾಸಭೆಯಲ್ಲಿ ನಿಂತು ಮಾತನಾಡುವ ಯೋಗ್ಯತೆ ನನಗಿಲ್ಲವೆಂಬುದನ್ನು ನಾನು ಬಲ್ಲೆನು. ನಾನು ಶಾಸ್ತ್ರಗಳನ್ನು ಓದಿದವಳಲ್ಲ. ಹಿರಿಯರ ಸಂಗದಲ್ಲಿ ಬಹುಕಾಲ ಕಳೆದವಳೂ ಅಲ್ಲ. ಆದರೆ ಶ್ರೀಗಳವರು, “ಶಾಲೆಯಲ್ಲಿ ಕಲಿತದ್ದರಲ್ಲಿ ನಿನ್ನ ಮನಸ್ಸಿಗೆ ನಾಟಿದ ಒಂದು ಸಂಗತಿಯನ್ನು ಹೇಳು, ಪಾಠ ಒಪ್ಪಿಸುವದು ಬೇಡ” ಎಂದು ಅಪ್ಪಣೆ ಕೊಡಿಸಿರುವದರಿಂದ, ಆ ಅಪ್ಪಣೆಯನ್ನೇ ಧೈರ್ಯವನ್ನಾಗಿ ಮಾಡಿಕೊಂಡು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಹೇಳಲಿರುವದು ನಮ್ಮ ಸಮಾಜ ವಿಜ್ಞಾನದ ತರಗತಿಯ ಮಾತು. ಅದರೊಡನೆ ನಮ್ಮ ಮನೆಯ ಮಾತು. ಇದರಲ್ಲಿ ತಪ್ಪಿದ್ದರೆ ಅದು ನನ್ನದು. ಒಪ್ಪಿದ್ದರೆ ಅದು ನನ್ನ ಗುರುಗಳದು.

ಸಮಾಜ ವಿಜ್ಞಾನವೆಂದರೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಮೊದಲಾಗಿ ಮನುಷ್ಯನ ಬಾಳನ್ನು ಕುರಿತ ವಿದ್ಯೆಗಳೆಲ್ಲ ಅಡಕವಾಗಿರುವ ವಿಷಯ. ಸತ್ಯವನ್ನು ಹೇಳಬೇಕೆಂದರೆ, ನಮ್ಮಂಥ ವಿದ್ಯಾರ್ಥಿಗಳಲ್ಲಿ ಈ ವಿಷಯಕ್ಕೆ ಮರ್ಯಾದೆ ಕಡಿಮೆ. ಗಣಿತ ವಿಜ್ಞಾನಗಳನ್ನು ಓದಿದರೆ ಡಾಕ್ಟರಾಗಬಹುದು, ಇಂಜಿನಿಯರಾಗಬಹುದು. ಇತಿಹಾಸವನ್ನು ಓದಿ ಏನಾಗಬಹುದು ಎಂದು ತಂದೆತಾಯಿಗಳೇ ಕೇಳುತ್ತಾರೆ. ನಾನಾದರೂ ಇಸವಿಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರುದಿನ ಮರೆಯುತ್ತಿದ್ದವಳೇ. ಸತ್ತವರ ಸುದ್ದಿ ಬದುಕಿರುವವರಿಗೆ ಏತಕ್ಕೆ ಎಂಬ ಉದಾಸೀನವು ನನ್ನಲ್ಲಿಯೂ ಇದ್ದಿತು.

ಕಳೆದ ವರ್ಷ ಶ್ರಾವಣ ಮಾಸದಲ್ಲಿ ನಮ್ಮ ಗುರುಗಳು ತರಗತಿಗೆ ಬಂದು, ಪುಸ್ತಕವನ್ನು ತೆರೆಯದೆ, “ಬರುವ ಸೋಮವಾರ ನೀವೆಲ್ಲರೂ ನಿಮ್ಮ ನಿಮ್ಮ ಮನೆಯಲ್ಲಿರುವ ಅತ್ಯಂತ ಹಳೆಯ ವಸ್ತುವನ್ನು ತರಬೇಕು. ಅದು ಯಾರದು, ಹೇಗೆ ಬಂದಿತು, ಏತಕ್ಕೆ ಉಳಿಯಿತು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ತಿಳಿದುಕೊಂಡು ಬಂದು ಹೇಳಬೇಕು” ಎಂದರು. ಆ ಸೋಮವಾರ ನಮ್ಮ ತರಗತಿಯು ಒಂದು ಸಣ್ಣ ಜಾತ್ರೆಯಂತೆ ಕಂಡಿತು. ಒಬ್ಬಳು ಮುತ್ತಜ್ಜಿಯ ಇಳಕಲ್ಲ ಸೀರೆಯನ್ನು ತಂದಿದ್ದಳು. ಒಬ್ಬನು ಕಟ್ಟಿಗೆಯ ಸೇರು ಪಾವುಗಳನ್ನು ತಂದಿದ್ದನು. ಹಿತ್ತಾಳೆಯ ಗಿಂಡಿ, ಅಡಕೊತ್ತು, ಎಲೆಯಡಿಕೆಯ ಸಂಚಿ, ಹತ್ತು ಹಳೆಯ ಸೀರೆಗಳ ತುಂಡುಗಳಿಂದ ಹೊಲಿದ ಕೌದಿ, ಹೀಗೆ ಒಂದೊಂದು ವಸ್ತುವಿನ ಬೆನ್ನಿಗೆ ಒಂದೊಂದು ಕಥೆ ಬಂದಿತು.

ನಾನು ತಂದದ್ದು ನಮ್ಮ ಮುತ್ತಜ್ಜನ ಲೆಕ್ಕದ ಪುಸ್ತಕ. ಕೆಂಪು ಅರಿವೆಯ ರಟ್ಟು, ಉದ್ದನೆಯ ಹಾಳೆಗಳು, ಮೊದಲನೆಯ ಪುಟದಲ್ಲಿ ಶ್ರೀಕಾರ, ಅದರ ಮೇಲೆ ಎಷ್ಟೋ ವರ್ಷಗಳ ಕುಂಕುಮ. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಇದನ್ನು ಮಣೆಯ ಮೇಲಿಟ್ಟು ಪೂಜಿಸುವದು ನಮ್ಮ ಮನೆಯ ಪದ್ಧತಿ. ಉಳಿದ ದಿನಗಳಲ್ಲಿ ಇದು ದೇವರ ಕೋಣೆಯ ಮಾಡದಲ್ಲಿ ಅರಿವೆಯಲ್ಲಿ ಸುತ್ತಿಟ್ಟುಕೊಂಡಿರುತ್ತದೆ. “ನಮ್ಮ ಮನೆತನವು ಈ ಪುಸ್ತಕದಿಂದ ಬೆಳೆಯಿತು” ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ಅದೇ ಮಾತನ್ನು ನಾನು ತರಗತಿಯಲ್ಲಿ ಅಭಿಮಾನದಿಂದ ಹೇಳಿದೆನು. ಗುರುಗಳು ಪುಸ್ತಕವನ್ನು ಎರಡೂ ಕೈಗಳಿಂದ ತೆಗೆದುಕೊಂಡು, “ಇದರಲ್ಲಿ ಏನು ಬರೆದಿದೆ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. “ನಿಮ್ಮ ತಂದೆಯವರಿಗೆ?” ಎಂದು ಕೇಳಿದರು. ಅವರಿಗೂ ಗೊತ್ತಿರಲಿಲ್ಲ. ಅರ್ಧ ಪುಸ್ತಕವು ಮೋಡಿ ಲಿಪಿಯಲ್ಲಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಭಾಗದಲ್ಲಿ ದಫ್ತರಗಳನ್ನೂ ಲೆಕ್ಕಪತ್ರಗಳನ್ನೂ ಆ ಲಿಪಿಯಲ್ಲಿ ಬರೆಯುವ ವಾಡಿಕೆಯಿದ್ದುದನ್ನು ಹಿರಿಯರು ಬಲ್ಲರು. ಈಗ ಅದನ್ನು ಓದುವವರು ಬಹು ವಿರಳ. “ಹಾಗಾದರೆ ಇಷ್ಟು ವರ್ಷ ನೀವು ಪೂಜಿಸಿದ್ದು ಏನನ್ನು?” ಎಂದು ಗುರುಗಳು ಮೆಲ್ಲನೆ ಕೇಳಿದರು. ನಾನು ಉತ್ತರ ಕೊಡಲಿಲ್ಲ.

ಕೊನೆಯ ಸರದಿ ನನ್ನ ಪಕ್ಕದಲ್ಲಿ ಕುಳಿತುಕೊಳ್ಳುವ ಗೆಳತಿಯದು. ಅವಳು ಬರಿಗೈಯಲ್ಲಿ ಬಂದಿದ್ದಳು. “ನಮ್ಮ ಮನೆಯಲ್ಲಿ ಹಳೆಯದೇನೂ ಇಲ್ಲ, ಗುರುಗಳೇ” ಎಂದಳು. ಕೆಲವರು ನಕ್ಕರು. ನಾನು ನಗಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಆ ದಿನ ಗುರುಗಳು ನಮಗೆ ಫ. ಗು. ಹಳಕಟ್ಟಿಯವರ ಕಥೆಯನ್ನು ಹೇಳಿದರು. ೧೮೮೦ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಆ ಮಹನೀಯರು ಮನೆಮನೆಗೆ, ಮಠಮಠಕ್ಕೆ ತಿರುಗಿ ವಚನಗಳ ತಾಡವೋಲೆಯ ಕಟ್ಟುಗಳನ್ನು ಕೂಡಿಸಿದ್ದನ್ನು ಈ ಸಭೆಯಲ್ಲಿ ನಾನು ವಿಸ್ತರಿಸಿ ಹೇಳಬೇಕಾಗಿಲ್ಲ. ಅವರು ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ೧೯೬೪ರಲ್ಲಿ ಲಿಂಗೈಕ್ಯರಾಗುವವರೆಗೂ ಅವರಿಗೆ ಇದೇ ಕಾಯಕವಾಗಿದ್ದಿತು. ಆದರೆ ಗುರುಗಳು ಒತ್ತಿ ಹೇಳಿದ ಮಾತು ಬೇರೆ. ಆ ಓಲೆಗಳು ಕಳೆದುಹೋಗಿದ್ದವೇ? ಇಲ್ಲ. ಎಷ್ಟೋ ಮನೆಗಳ ಜಗುಲಿಯ ಮೇಲೆಯೇ ಇದ್ದವು. ಅವುಗಳಿಗೆ ವಿಭೂತಿ ಹಚ್ಚುತ್ತಿದ್ದರು, ಪತ್ರಿ ಏರಿಸುತ್ತಿದ್ದರು; ಬಿಚ್ಚಿ ಓದುತ್ತಿರಲಿಲ್ಲ. ಕಳ್ಳರಿಂದ ಉಳಿಸಿದ್ದರು, ಬೆಂಕಿಯಿಂದ ಉಳಿಸಿದ್ದರು. ಆದರೆ ಮಾತು ಮಾತ್ರ ಮೌನವಾಗಿದ್ದಿತು. “ಹಿರಿಯರು ಕೊಟ್ಟುದನ್ನು ಕಳೆಯುವ ದಾರಿ ಎರಡು” ಎಂದರು ಗುರುಗಳು. “ಒಂದು, ಎಸೆದುಬಿಡುವದು. ಇನ್ನೊಂದು, ಓದದೆ ಪೂಜಿಸುವದು.” ಶರಣ ಬಂಧುಗಳೇ, ನನ್ನ ಭಾಷಣದ ಸಾರವೆಲ್ಲ ಈ ಒಂದು ಮಾತಿನಲ್ಲಿಯೇ ಇರುತ್ತದೆ, ಮುಂದೆ ನಡೆದದ್ದು ಇದರ ಪರೀಕ್ಷೆ.

ಗುರುಗಳ ಪರಿಚಯದ ವೃದ್ಧ ಶಿಕ್ಷಕರೊಬ್ಬರಿಗೆ ಮೋಡಿ ಲಿಪಿ ಬರುತ್ತಿತ್ತು. ಪ್ರತಿ ರವಿವಾರ ನಾನೂ ನನ್ನ ಗೆಳತಿಯೂ ಇನ್ನಿಬ್ಬರು ಸಹಪಾಠಿಗಳೂ ಅವರ ಮನೆಗೆ ಹೋಗಿ ಕುಳಿತುಕೊಳ್ಳುವದೆಂದಾಯಿತು. ಅವರು ಓದುವದು, ನಾವು ಕನ್ನಡದಲ್ಲಿ ಬರೆದುಕೊಳ್ಳುವದು. ಮೊದಲ ಎರಡು ರವಿವಾರ ನನ್ನ ಅಭಿಮಾನವು ಹೆಚ್ಚುತ್ತಲೇ ಹೋಯಿತು. ಮುತ್ತಜ್ಜನು ಎತ್ತು ಕೊಂಡದ್ದು, ಬಾವಿ ತೋಡಿಸಿದ್ದು, ಪೇಟೆಗೆ ಹತ್ತಿ ಕಳಿಸಿದ್ದು, ಮಗಳ ಮದುವೆಗೆ ಇಷ್ಟು ರೂಪಾಯಿ ಇಷ್ಟು ಆಣೆ ಇಷ್ಟು ಪೈ ವೆಚ್ಚ ಮಾಡಿದ್ದು, ಎಲ್ಲವೂ ಅಚ್ಚುಕಟ್ಟಾಗಿತ್ತು. ಪ್ರತಿ ವರ್ಷ ಸುಗ್ಗಿಯಲ್ಲಿ ಒಂದು ಸಾಲು ತಪ್ಪದೆ ಬರುತ್ತಿತ್ತು: ಶ್ರೀಮಠದ ದಾಸೋಹಕ್ಕೆ ಐದು ಚೀಲ ಜೋಳ. ಬೆಳೆ ಬಾರದ ವರ್ಷದಲ್ಲಿಯೂ ಎರಡು ಚೀಲ. ಇದನ್ನು ಕೇಳಿ ನಮ್ಮ ತಂದೆಯವರ ಕಣ್ಣುಗಳು ತುಂಬಿ ಬಂದವು.

ಈ ಮಧ್ಯದಲ್ಲಿ ಒಂದು ದಿನ ಗುರುಗಳು ತರಗತಿಯಲ್ಲಿ ೧೮೭೫ನೆಯ ಇಸವಿಯ ದಖ್ಖನದ ದಂಗೆಗಳ ಪಾಠವನ್ನು ಹೇಳಿದರು. ೧೮೬೧ರಿಂದ ೧೮೬೫ರ ವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿಯು ಇಂಗ್ಲೆಂಡಿಗೆ ಬರುವದು ನಿಂತಿತು. ಆಗ ನಮ್ಮ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ರೈತರಿಗೆ ಕೇಳಿದಷ್ಟು ಸಾಲ ದೊರೆಯಿತು. ಯುದ್ಧ ಮುಗಿಯಿತು, ಬೆಲೆ ಬಿದ್ದಿತು, ಸಾಲ ಮಾತ್ರ ನಿಂತಿತು. ೧೮೭೫ನೆಯ ಮೇ ೧೨ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಕೂಡಿ ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಅವರು ಮುಖ್ಯವಾಗಿ ಕೇಳಿದ್ದು ಲೆಕ್ಕದ ಪುಸ್ತಕಗಳನ್ನು ಮತ್ತು ಸಾಲದ ಪತ್ರಗಳನ್ನು. ಅವುಗಳನ್ನು ಬೀದಿಗೆ ತಂದು ಸುಟ್ಟರು. ದಂಗೆಯು ಅಹಮದನಗರ ಜಿಲ್ಲೆಗೂ ಹಬ್ಬಿತು. ಸರಕಾರವು ವಿಚಾರಣೆಯ ಮಂಡಲಿಯನ್ನು ನೇಮಿಸಿ, ೧೮೭೯ರಲ್ಲಿ ದಖ್ಖನದ ರೈತರ ಪರಿಹಾರದ ಕಾಯಿದೆಯನ್ನು ಮಾಡಬೇಕಾಯಿತು. “ಸುಟ್ಟವರಲ್ಲಿ ಬಹುಮಂದಿಗೆ ಓದು ಬರುತ್ತಿರಲಿಲ್ಲ. ಆದರೂ ತಮ್ಮ ಬಾಳು ಆ ಹಾಳೆಗಳಲ್ಲಿ ಸೆರೆಯಾಗಿದೆಯೆಂಬುದು ಅವರಿಗೆ ಗೊತ್ತಿತ್ತು” ಎಂದು ಗುರುಗಳು ಹೇಳಿದರು. ನಮ್ಮ ಮನೆಯಲ್ಲಿ ಪೂಜೆಗೊಳ್ಳುವಂಥ ಪುಸ್ತಕವನ್ನು ಇನ್ನೊಬ್ಬರು ಸುಡಲು ಬಯಸಿದ್ದರೆಂಬ ವಿಚಾರವು ನನಗೆ ಅಂದು ಮೊದಲ ಸಲ ಬಂದಿತು. ಆದರೆ, ನಮ್ಮ ಹಿರಿಯರು ಒಕ್ಕಲುತನದವರು, ಅಂಥ ಸಾಹುಕಾರರಲ್ಲ ಎಂದು ಸಮಾಧಾನ ಮಾಡಿಕೊಂಡೆನು.

ಮೂರನೆಯ ರವಿವಾರ ಆ ಸಮಾಧಾನವು ಹೋಯಿತು. ೧೯೩೮ರಲ್ಲಿ ಆರಂಭವಾಗುವ ಒಂದು ಖಾತೆ ಬಂದಿತು. ಹೆಸರಿನ ಮುಂದೆ ಅಡ್ಡಹೆಸರಿಲ್ಲ. ಕೆಳಗೆ ಹೆಬ್ಬೆಟ್ಟಿನ ಗುರುತು. ತಂಗಿಯ ಮದುವೆಗಾಗಿ ೫೦ ರೂಪಾಯಿ ಸಾಲ. ತಿಂಗಳಿಗೆ ನೂರಕ್ಕೆ ೨ರಂತೆ ಬಡ್ಡಿ. ಸಾಲ ತೀರುವವರೆಗೆ ಮನೆಯಲ್ಲಿ ಜೀತ. ವೃದ್ಧ ಶಿಕ್ಷಕರು ಆ ಹೆಸರನ್ನು ಓದಿ, ಓಣಿಯ ಹೆಸರನ್ನು ಓದಿ, ಸುಮ್ಮನಾದರು. ಅದು ನನ್ನ ಗೆಳತಿಯ ಓಣಿ. ಆ ಹೆಸರು ಅವಳ ಅಣ್ಣನಿಗೆ ಇಟ್ಟ ಹೆಸರು. ನಮ್ಮ ಕಡೆ ಹಿರಿಯರ ಹೆಸರನ್ನು ಮೊಮ್ಮಕ್ಕಳಿಗೆ, ಮರಿಮಕ್ಕಳಿಗೆ ಇಡುವದು ತಮಗೆಲ್ಲ ಗೊತ್ತಿದ್ದ ಸಂಗತಿ. “ಇವರು ನಮ್ಮ ಮುತ್ತಜ್ಜ” ಎಂದಳು ಅವಳು. ಮುಂದೆ ಯಾರೂ ಮಾತನಾಡಲಿಲ್ಲ. ಆದರೆ ಅವಳೇ, “ಓದಿರಿ, ಮುಂದೆ ಓದಿರಿ” ಎಂದಳು.

ಆ ಲೆಕ್ಕವನ್ನು ತಮ್ಮ ಮುಂದೆ ಇಡುತ್ತೇನೆ. ಇದಕ್ಕೆ ಆರನೆಯ ಇಯತ್ತೆಯ ಗಣಿತ ಸಾಕು. ೫೦ ರೂಪಾಯಿಗೆ ವರ್ಷದ ಬಡ್ಡಿ ೧೨ ರೂಪಾಯಿ. ಆಳಿನ ವರ್ಷದ ಕೂಲಿ ೨೪ ರೂಪಾಯಿ. ಅವನಿಗೂ ಅವನ ಮನೆಯವರಿಗೂ ಕೊಟ್ಟ ಕಾಳು, ಅರಿವೆ, ಒಂದು ಜೊತೆ ಕೆರವು ಇವೆಲ್ಲ ಸೇರಿ ೧೫ ರೂಪಾಯಿ. ೨೪ರಲ್ಲಿ ೧೫ನ್ನು ಕಳೆದರೆ ಉಳಿದದ್ದು ೯. ಬಡ್ಡಿ ೧೨. ಕೊರತೆ ೩. ಆ ೩ನ್ನು ಸಾಲಕ್ಕೆ ಸೇರಿಸಿದೆ. ಮರುವರ್ಷವೂ ಹೀಗೆಯೇ, ಅದರ ಮರುವರ್ಷವೂ ಹೀಗೆಯೇ. ಪುಸ್ತಕವು ಮುಗಿಯುವದು ೧೯೫೪ರಲ್ಲಿ. ಹದಿನಾರು ವರ್ಷ ದುಡಿದ ಬಳಿಕ ಆ ಮನುಷ್ಯನ ಸಾಲವು ೫೦ರಿಂದ ೯೮ಕ್ಕೆ ಏರಿತ್ತು. ಅದರ ಮುಂದಿನ ಪುಸ್ತಕವು ನಮ್ಮ ಮನೆಯಲ್ಲಿ ಇಲ್ಲ. ಈ ನಡುವೆ ದೇಶವು ಸ್ವತಂತ್ರವಾಗಿತ್ತು. ಬಲಾತ್ಕಾರದ ದುಡಿಮೆಯನ್ನು ನಿಷೇಧಿಸುವ ೨೩ನೆಯ ಅನುಚ್ಛೇದವುಳ್ಳ ಸಂವಿಧಾನವು ೧೯೫೦ರಲ್ಲಿ ಜಾರಿಗೆ ಬಂದಿತ್ತು. ನಮ್ಮ ಪುಸ್ತಕದಲ್ಲಿ ೧೯೫೦ನೆಯ ವರ್ಷದ ಸಾಲೂ ಉಳಿದ ವರ್ಷಗಳ ಸಾಲಿನಂತೆಯೇ ಇರುತ್ತದೆ: ಕೊರತೆ ೩ ರೂಪಾಯಿ.

ನಾನು ಮನೆಗೆ ಬಂದು ತಂದೆಯವರ ಮುಂದೆ ನಾವು ಬರೆದುಕೊಂಡ ಹಾಳೆಯನ್ನು ಇಟ್ಟೆನು. ಅವರು ಸಿಟ್ಟಾದರು. ಅವರ ಮಾತುಗಳನ್ನು ನಾನು ಮುಚ್ಚಿಡುವದಿಲ್ಲ. ಅವರ ಅನುಮತಿಯಿಂದಲೇ ಹೇಳುತ್ತೇನೆ. “ಅದು ಆ ಕಾಲದ ರೀತಿ. ಊರೆಲ್ಲ ಹಾಗೆಯೇ ಮಾಡುತ್ತಿದ್ದರು. ನೋಡು, ನಮ್ಮ ಅಜ್ಜ ಬಡ್ಡಿಗೆ ಬಡ್ಡಿ ಹಾಕಿಲ್ಲ, ಬೇರೆಯವರಾದರೆ ಹಾಕುತ್ತಿದ್ದರು. ಬರದಲ್ಲಿಯೂ ಮಠಕ್ಕೆ ಜೋಳ ಕೊಟ್ಟ ಮನುಷ್ಯ ಅವರು. ಅವರ ಹೆಸರನ್ನು ಶಾಲೆಯಲ್ಲಿ ಹರಾಜು ಹಾಕುತ್ತೀಯಾ?” ಎಂದರು. ಈ ಮಾತುಗಳಲ್ಲಿ ಒಂದೂ ಸುಳ್ಳಲ್ಲ. ಮುತ್ತಜ್ಜನು ಬಡ್ಡಿಗೆ ಬಡ್ಡಿ ಹಾಕಿದ್ದರೆ ಆ ಸಾಲವು ನೂರುಗಟ್ಟಲೆ ಬೆಳೆಯುತ್ತಿತ್ತೆಂಬುದನ್ನು ನಾನೇ ಲೆಕ್ಕ ಮಾಡಿ ನೋಡಿದ್ದೇನೆ. ಆದರೂ ನನ್ನ ಮನಸ್ಸಿಗೆ ಒಂದು ಪ್ರಶ್ನೆ ಅಂಟಿಕೊಂಡಿತು. ದಾಸೋಹದ ಐದು ಚೀಲ ಜೋಳವೂ ಅದೇ ಪುಸ್ತಕದಲ್ಲಿದೆ, ಈ ೩ ರೂಪಾಯಿಯೂ ಅದೇ ಪುಸ್ತಕದಲ್ಲಿದೆ. ಎರಡನ್ನೂ ಬರೆದ ಕೈ ಒಂದೇ. ಆ ಜೋಳವನ್ನು ಬಿತ್ತಿದ, ಕೊಯ್ದ, ಒಕ್ಕಿದ, ಹೊತ್ತು ಬಂಡಿಗೆ ಹಾಕಿದ ಕೈ ಯಾರದು? ದಾನದ ಪುಣ್ಯವು ನಮ್ಮ ಮನೆತನದ ಹೆಸರಿಗೆ ಜಮೆಯಾಯಿತು. ದುಡಿದವನ ಹೆಸರಿಗೆ ಏನು ಜಮೆಯಾಯಿತು?

ಇಷ್ಟು ಹೊತ್ತು ಮೂಲೆಯಲ್ಲಿ ಕುಳಿತಿದ್ದ, ಎಂಬತ್ತು ದಾಟಿದ ನಮ್ಮ ಅಜ್ಜಿ ಆಗ ಬಾಯಿ ತೆರೆದರು. ಅವರು ಮದುವೆಯಾಗಿ ಈ ಮನೆಗೆ ಬಂದಾಗ ಆ ಹಿರಿಯನು ಇನ್ನೂ ದುಡಿಯುತ್ತಿದ್ದನಂತೆ. ಕೋಳಿ ಕೂಗುವ ಮೊದಲೇ ಬಂದು ದನಗಳ ಕೊಟ್ಟಿಗೆ ಬಳಿಯುತ್ತಿದ್ದನಂತೆ. ಅವನಿಗೆ ಹಿತ್ತಲ ಬಾಗಿಲಲ್ಲಿ, ಅವನಿಗೆಂದೇ ಬೇರೆ ಇಟ್ಟಿದ್ದ ತಾಟಿನಲ್ಲಿ, ಮೇಲಿನಿಂದ ರೊಟ್ಟಿ ಹಾಕುತ್ತಿದ್ದರಂತೆ. “ನಾನs ಹಾಕತಿದ್ದೆ” ಎಂದರು ಅಜ್ಜಿ. ಮುಂಜಾನೆ ಲಿಂಗಪೂಜೆ ಮಾಡಿಕೊಂಡ ಅದೇ ಕೈಯಿಂದ ಎಂಬ ಮಾತನ್ನು ಅವರು ಹೇಳಲಿಲ್ಲ. ಆದರೆ ತಮ್ಮ ಕೈಯನ್ನು ನೋಡಿಕೊಳ್ಳುತ್ತ ಬಹಳ ಹೊತ್ತು ಕುಳಿತರು. ನನ್ನ ಗೆಳತಿಯು ನನ್ನ ಪಕ್ಕದಲ್ಲಿ ಮೂರು ವರ್ಷ ಕುಳಿತವಳು. ಆದರೂ ಒಂದು ದಿನವೂ ನಮ್ಮ ಮನೆಗೆ ಬಂದಿರಲಿಲ್ಲ. ಏಕೆಂದು ನಾನು ಅವಳನ್ನು ಕೇಳಿರಲಿಲ್ಲ. ಇತಿಹಾಸವು ಮುಗಿದುಹೋದ ಸಂಗತಿಯಲ್ಲವೆಂಬುದು ಆ ರಾತ್ರಿ ನನಗೆ ತಿಳಿಯಿತು.

ಶಾಲೆಯ ಪುಸ್ತಕದಲ್ಲಿ ಕಾಯಿದೆಗಳ ಹೆಸರನ್ನು ನಾನು ಬಾಯಿಪಾಠ ಮಾಡಿದ್ದೆನು. ಅವುಗಳ ಅರ್ಥವೂ ಆಗಲೇ ತಿಳಿಯಿತು. ೧೯೭೪ರ ಭೂಸುಧಾರಣೆಯಿಂದ ಕರ್ನಾಟಕದಲ್ಲಿ ಗೇಣಿಗೆ ಉಳುತ್ತಿದ್ದ ಎಷ್ಟೋ ಜನರಿಗೆ ಭೂಮಿ ದೊರೆಯಿತು. ಆದರೆ ಜೀತದಾಳು ಗೇಣಿದಾರನಲ್ಲ. ಹೊಲದಲ್ಲಿ ಮೂವತ್ತು ವರ್ಷ ದುಡಿದಿದ್ದರೂ ಆ ಹೊಲವು ಅವನ ವಶದಲ್ಲಿರಲಿಲ್ಲವಾದುದರಿಂದ, ಆ ಬಾಗಿಲು ಅವನಿಗೆ ತೆರೆಯಲಿಲ್ಲ. ೧೯೭೬ರ ಜೀತ ನಿರ್ಮೂಲನದ ಕಾಯಿದೆಯು ಜೀತವನ್ನೂ ಜೀತದ ಸಾಲವನ್ನೂ ಅಳಿಸಿಹಾಕಿತು. ಸಾಲ ಅಳಿಯಿತು, ಸಾಲವು ತಿಂದ ವರ್ಷಗಳನ್ನು ಹಿಂದಿರುಗಿಸುವ ಕಾಯಿದೆಯನ್ನು ಯಾರು ಮಾಡಬಲ್ಲರು?

ಮರುದಿನ ಅಜ್ಜಿ ತಂದೆಯವರನ್ನು ಕರೆದು, “ಪುಸ್ತಕ ತಗೊಂಡು ಅವರ ಮನಿಗೆ ನಡಿ. ನಾನೂ ಬರತೇನಿ” ಎಂದರು. ತಂದೆಯವರು ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ಸಂಜೆ ತಾವೇ ಪುಸ್ತಕವನ್ನು ಕೈಗೆ ತೆಗೆದುಕೊಂಡರು. ನಾವು ಮೂವರೂ ಆ ಓಣಿಗೆ ಹೋದೆವು. ಗೆಳತಿಯ ತಂದೆಯವರು ಹೊರಗೆ ಹೊರಸು ಹಾಕಿ ನಮ್ಮನ್ನು ಕುಳ್ಳಿರಿಸಿದರು. ನಮ್ಮ ತಂದೆಯವರು ಆ ಪುಟವನ್ನು ತೆರೆದು ಇಟ್ಟರು. ಮಾತನಾಡಲು ಅವರಿಗೆ ಆಗಲಿಲ್ಲ. ಓದಿದವಳು ನಾನು. ಕೇಳಿದ ಮೇಲೆ ಅವರು, “ಇದೆಲ್ಲ ನಮಗೆ ಗೊತ್ತಿದ್ದ ಮಾತೇ. ಮಕ್ಕಳಿಗೆ ಹೇಳಿರಲಿಲ್ಲ, ಅಷ್ಟೆ. ಆದರೆ ನಮ್ಮ ಅಜ್ಜನ ಹೆಸರನ್ನು ಅಕ್ಷರದಲ್ಲಿ ಬರೆದದ್ದನ್ನು ನಾನು ಇಂದೇ ಕಂಡೆ” ಎಂದರು. ಹೆಬ್ಬೆಟ್ಟಿನ ಗುರುತನ್ನು ಬಹಳ ಹೊತ್ತು ನೋಡಿದರು. ಹಣದ ಮಾತನ್ನು ಎತ್ತಲಿಲ್ಲ. ಆ ಪುಟದ ಒಂದು ಪ್ರತಿಯನ್ನು ಮಾಡಿಸಿಕೊಡಿರಿ ಎಂದಷ್ಟೇ ಕೇಳಿದರು. ಚಹ ತಂದರು, ನಮ್ಮ ಅಜ್ಜಿ ಕುಡಿದರು. ಒಳಗಿದ್ದ ಗೆಳತಿಯ ಅಜ್ಜಿ ಮಾತ್ರ ಕೊನೆಯವರೆಗೂ ಹೊರಗೆ ಬರಲಿಲ್ಲ. ಬಾರದೆ ಇರುವದು ಅವರ ಹಕ್ಕೆಂದು ನಮ್ಮ ಅಜ್ಜಿ ದಾರಿಯಲ್ಲಿ ಹೇಳಿದರು.

ಮುಂದಿನ ಸೋಮವಾರ ಗೆಳತಿಯು ತರಗತಿಯಲ್ಲಿ ಎದ್ದು ನಿಂತು, ಆ ಪ್ರತಿಯನ್ನು ಎತ್ತಿ ತೋರಿಸಿದಳು. “ಗುರುಗಳೇ, ನಮ್ಮ ಮನೆಯ ಹಳೆಯ ವಸ್ತು ಸಿಕ್ಕಿದೆ. ಅದು ಇವರ ಮನೆಯಲ್ಲಿತ್ತು” ಎಂದಳು. ಅನಂತರ ಕರಿಹಲಗೆಯ ಮೇಲೆ ಲೆಕ್ಕವನ್ನು ಬರೆದಳು. ಅದೇ ಊರಿನಲ್ಲಿ ಅದೇ ವರ್ಷಗಳಲ್ಲಿ ದಿನಗೂಲಿಯ ಆಳಿಗೆ ಕೊಟ್ಟ ದರವೂ ನಮ್ಮ ಪುಸ್ತಕದಲ್ಲಿಯೇ ಇತ್ತು. ಅದನ್ನು ಅವಳು ಹುಡುಕಿ ತೆಗೆದಿದ್ದಳು. ಆ ದರವನ್ನು ಹಿಡಿದು ಲೆಕ್ಕ ಮಾಡಿದರೆ, ೫೦ ರೂಪಾಯಿಯೂ ಅದರ ಬಡ್ಡಿಯೂ ಎರಡನೆಯ ವರ್ಷ ಮುಗಿಯುವ ಮೊದಲೇ ತೀರಿಹೋಗಿರುತ್ತವೆ. “ನಮ್ಮ ಮುತ್ತಜ್ಜ ಸಾಲ ತೀರಿಸಿದ್ದಾನೆ. ಪುಸ್ತಕವು ತಪ್ಪು ಬರೆದಿದೆ” ಎಂದು ಹೇಳಿ ಕುಳಿತಳು. ಅಂದು ಯಾರೂ ನಗಲಿಲ್ಲ. ಸಮಾಜ ವಿಜ್ಞಾನದಿಂದ ಏನಾಗಬಹುದು ಎಂದು ಕೇಳುವವರಿಗೆ ನಾನು ಈ ಕರಿಹಲಗೆಯನ್ನೇ ತೋರಿಸುತ್ತೇನೆ. ಸತ್ತವನೊಬ್ಬನ ಮೇಲಿನ ಅಪವಾದವನ್ನು ಅವನ ಮರಿಮಗಳು ಲೆಕ್ಕದಿಂದ ತೊಡೆದುಹಾಕಿದಳು.

ಮಹನೀಯರೇ, ಇಂಥ ಸಂಗತಿಯನ್ನು ಉತ್ಸವದ ಸಭೆಯಲ್ಲಿ ಏಕೆ ಹೇಳಬೇಕು, ಹಿರಿಯರ ಮಾನವನ್ನು ಏಕೆ ಕಳೆಯಬೇಕು ಎಂದು ಕೆಲವರಿಗೆ ಅನಿಸಬಹುದು. ಅದಕ್ಕೆ ನಾನು ಶರಣರ ಕಥೆಯನ್ನೇ ಆಶ್ರಯಿಸುತ್ತೇನೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕವನ್ನು ನೋಡುತ್ತಿದ್ದವರು. ಲೆಕ್ಕದ ಮೇಲೆ ಸಂಶಯ ಬಂದಾಗ ಪುಸ್ತಕವನ್ನು ಮುಚ್ಚದೆ ತೆರೆದು ತೋರಿಸಿದರೆಂದು ಅವರ ಕಥೆಗಳು ಹೇಳುತ್ತವೆ. ಅದೇ ಕಲ್ಯಾಣದಲ್ಲಿ ಆಯ್ದಕ್ಕಿಯ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಲಕ್ಕಮ್ಮ ತಾಯಿಯು ಅದನ್ನು ಕಂಡು ಸಂತೋಷಪಡಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದುದರಲ್ಲಿಯೂ ಹೆಚ್ಚಿನದು ತನ್ನದಲ್ಲವೆಂದು ಕಂಡ ಆ ತಾಯಿಯು ನಮ್ಮ ಪುಸ್ತಕವನ್ನು ಓದಿದ್ದರೆ ಏನೆನ್ನುತ್ತಿದ್ದಳು? ನಮ್ಮ ಮನೆಯ ಜಗುಲಿಯ ಮೇಲೆ ಅವಳ ಭಾವಚಿತ್ರವಿರುತ್ತದೆ. ಅದರ ಕೆಳಗಿನ ಮಾಡದಲ್ಲಿಯೇ ಈ ಪುಸ್ತಕವು ಎಪ್ಪತ್ತು ವರ್ಷ ಮೌನವಾಗಿ ಕುಳಿತಿತ್ತು.

ಮುತ್ತಜ್ಜನನ್ನು ನಾನು ದ್ವೇಷಿಸುವದಿಲ್ಲ. ಅವನು ತೋಡಿಸಿದ ಬಾವಿಯ ನೀರನ್ನೇ ಈಗಲೂ ಕುಡಿಯುತ್ತೇನೆ. ಅವನು ಒಂದು ಸಾಲನ್ನೂ ಅಳಿಸದೆ, ತಿದ್ದದೆ, ತನಗೆ ವಿರುದ್ಧವಾದ ಸಾಕ್ಷಿಯನ್ನು ತಾನೇ ಬರೆದಿಟ್ಟು ಹೋಗಿದ್ದಾನೆ. ಅದಕ್ಕಾಗಿ ಅವನಿಗೆ ಋಣಿಯಾಗಿದ್ದೇನೆ. ಮನೆತನದ ಆಸ್ತಿಯನ್ನು ಹಂಚಿಕೊಳ್ಳುವಾಗ ಹೊಲವನ್ನೂ ಮನೆಯನ್ನೂ ತೆಗೆದುಕೊಂಡು ಸಾಲ ಬೇಡವೆನ್ನುವ ಮಗನನ್ನು ನ್ಯಾಯಾಲಯವು ಒಪ್ಪುವದಿಲ್ಲ. ಹಾಗೆಯೇ ಹಿರಿಯರ ಕೀರ್ತಿಯನ್ನು ಮಾತ್ರ ನಮ್ಮದೆಂದು ಹೇಳಿ, ಅವರು ಉಳಿಸಿಹೋದ ಋಣವನ್ನು ಅವರ ಕಾಲಕ್ಕೆ ಬಿಡುವದು ಧರ್ಮವಲ್ಲವೆಂದು ನನ್ನ ಅಲ್ಪಮತಿಗೆ ತೋರುತ್ತದೆ.

ಕಳೆದ ದೀಪಾವಳಿಯಲ್ಲಿ ಎಂದಿನಂತೆ ಆ ಪುಸ್ತಕವನ್ನು ಮಣೆಯ ಮೇಲೆ ಇಟ್ಟೆವು. ಪೂಜೆಗೆ ಮೊದಲು ತಂದೆಯವರು ಆ ಪುಟವನ್ನು ಗಟ್ಟಿಯಾಗಿ ಓದಿದರು. ಇನ್ನು ಮುಂದೆ ಪ್ರತಿ ವರ್ಷ ಓದುವದೆಂದು ಗೊತ್ತುಮಾಡಿದರು. ಆ ಸಂಜೆ ನನ್ನ ಗೆಳತಿಯು ಮುಂಬಾಗಿಲಿನಿಂದ ನಮ್ಮ ಮನೆಗೆ ಬಂದಿದ್ದಳು. ಅಡಿಗೆಮನೆಯಲ್ಲಿ ನಮ್ಮೊಡನೆ ಕುಳಿತು ಹೋಳಿಗೆ ಉಂಡಳು. ಓದು ಮುಗಿದ ಮೇಲೆ ತಂದೆಯವರು ಲೇಖನಿಯನ್ನು ತೆಗೆದುಕೊಂಡು, ಖಾತೆಯ ಕೆಳಗೆ ‘ಚುಕ್ತಾ’ ಎಂದು ಬರೆಯಲು ಹೋದರು. ಅಜ್ಜಿ ಅವರ ಕೈ ಹಿಡಿದರು. “ಬರೀಬ್ಯಾಡಪ್ಪಾ. ಅವರದು ಎಂದೋ ಮುಗದೈತಿ. ನಾವು ಕೊಡೂದು ಉಳದೈತಿ” ಎಂದರು. ಆ ಪುಟದ ಕೆಳಭಾಗವು ಇನ್ನೂ ಬರಿದಾಗಿಯೇ ಇರುತ್ತದೆ. ಅದನ್ನು ಹೇಗೆ ತುಂಬಬೇಕೆಂಬುದನ್ನು ನಾವು ಇನ್ನೂ ಕಲಿಯಬೇಕಾಗಿದೆ.

ಕೊನೆಯದಾಗಿ ಶ್ರೀಚರಣಗಳಲ್ಲಿ ಮತ್ತು ತಮ್ಮೆಲ್ಲರಲ್ಲಿ ಒಂದೇ ಬಿನ್ನಹ. ತಮ್ಮ ತಮ್ಮ ಮನೆಗಳ ಮಾಡಗಳಲ್ಲಿ, ಅಟ್ಟಗಳಲ್ಲಿ, ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ಇಂಥ ಪುಸ್ತಕಗಳು, ಪತ್ರಗಳು, ಓಲೆಗಳು ಇರಬಹುದು. ಮೋಡಿ ಬಲ್ಲ ಹಿರಿಯರು ಇನ್ನೂ ಕೆಲವರಾದರೂ ಇರುವಾಗಲೇ ಅವುಗಳನ್ನು ಬಿಚ್ಚಿರಿ. ಮಕ್ಕಳನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ಓದಿಸಿರಿ. ಶ್ರೀಮಠದ ಗ್ರಂಥಾಲಯದಲ್ಲಿ ಅವುಗಳ ಪ್ರತಿಗಳಿಗಾಗಿ ಒಂದು ಕಪಾಟನ್ನು ಇರಿಸಬೇಕೆಂದು ಪ್ರಾರ್ಥಿಸುತ್ತೇನೆ. ಶ್ರೀಮಠದ ಹಳೆಯ ದಾಸೋಹದ ಲೆಕ್ಕಗಳನ್ನೂ ಅದರಲ್ಲಿ ಇಟ್ಟರೆ, ಯಾವ ಮನೆಯಿಂದ ಎಷ್ಟು ಜೋಳ ಬಂದಿತೆಂಬುದನ್ನು ನಾವು ಓದಬಹುದು. ಮನೆಗಳ ಪುಸ್ತಕಗಳನ್ನು ಅದರ ಪಕ್ಕದಲ್ಲಿಟ್ಟರೆ, ಆ ಜೋಳವನ್ನು ಬೆಳೆದವರ ಹೆಸರುಗಳನ್ನೂ ಓದಬಹುದು. ದಾನಿಗಳ ಹೆಸರುಗಳು ಈ ಮಂಟಪದ ಕಲ್ಲುಗಳ ಮೇಲೆ ಇವೆ. ಬೆಳೆದವರ ಹೆಸರುಗಳು ಈ ಮಹೋತ್ಸವದ ವರ್ಷದಲ್ಲಿ ಕಾಗದದ ಮೇಲಾದರೂ ಬರಲಿ.

ನನ್ನ ಗೆಳತಿಯು ಇಂದು ಈ ಸಭೆಯಲ್ಲಿ ಕುಳಿತಿದ್ದಾಳೆ. ಈ ಮಾತುಗಳನ್ನು ಅವಳಿಗೆ ಮೊದಲು ಓದಿ ತೋರಿಸಿ, ಅವಳು ತಿದ್ದಿದ ಎರಡು ತಪ್ಪುಗಳನ್ನು ಸರಿಪಡಿಸಿಕೊಂಡು ತಮ್ಮ ಮುಂದೆ ಅರ್ಪಿಸಿದ್ದೇನೆ.